ದಿಗಂತ ನೋಡುವ ದೀಪಗಳು

ಗರುಡಾಚಾರ್‌ಪಾಳ್ಯದ ಮೆಟ್ರೊ ನಿಲ್ದಾಣದಿಂದ ಎಚ್‌ಎಎಲ್ ರನ್‌ವೇಯ ಪೂರ್ವದ ತುದಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಐದು ಕಿಲೋಮೀಟರಿಗೆ ತುಸು ಹೆಚ್ಚಾಗುತ್ತದೆ. ನೆಲದ ಮೇಲೆ ಹೋಗುವವರಿಗೆ ಅದು ಮಹದೇವಪುರ, ದೊಡ್ಡನೆಕ್ಕುಂದಿ, ಮಾರತ್‌ಹಳ್ಳಿ ಎಂದು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಹಾದಿ. ಸಂಜೆಯಾದರೆ ಒಂದು ಗಂಟೆಯೂ ಹಿಡಿದೀತು. ಇಳಿಯಲು ಬರುವ ವಿಮಾನಕ್ಕೆ ಅಷ್ಟು ದೂರ ಒಂದೂವರೆ ನಿಮಿಷವೂ ಅಲ್ಲ.

2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ಶುರುವಾದ ಮೇಲೆ ಎಚ್‌ಎಎಲ್‌ನ ‘ಹಳೇ ಏರ್‌ಪೋರ್ಟ್’ ಮುಚ್ಚಿಹೋಯಿತೆಂದೇ ಬಹಳ ಮಂದಿ ತಿಳಿದಿದ್ದಾರೆ. ಮುಚ್ಚಿದ್ದು ನಾವು ನೀವು ಟಿಕೆಟ್ ಕೊಂಡು ಹತ್ತುವ ವಿಮಾನಗಳಿಗೆ ಮಾತ್ರ. ಮೂರು ಕಿಲೋಮೀಟರಿಗೂ ಉದ್ದದ ಆ ರನ್‌ವೇ ಇವತ್ತಿಗೂ ದುಡಿಯುತ್ತಿದೆ: ಪರೀಕ್ಷಾ ಹಾರಾಟಗಳು, ಹೆಲಿಕಾಪ್ಟರುಗಳು, ವಾಯುಪಡೆಯ ವಿಮಾನಗಳು, ಉದ್ಯಮಿಗಳ ಖಾಸಗಿ ಜೆಟ್‌ಗಳು. ಚಂದ್ರಯಾನ-3 ಚಂದ್ರನ ಮೇಲಿಳಿದ ಮೂರನೆಯ ದಿನ, 2023ರ ಆಗಸ್ಟ್ 26ರ ಬೆಳಗಿನಲ್ಲಿ, ಗ್ರೀಸಿನಿಂದ ನೇರವಾಗಿ ಬಂದ ಪ್ರಧಾನಿಯ ವಿಮಾನ ಮುಟ್ಟಿದ್ದು ಇದೇ ನೆಲವನ್ನು.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ, ಮುಂದೆ ಎಚ್‌ಎಎಲ್ ಆದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಲು ಹೊರಟಾಗ ಈ ಪೂರ್ವದ ಸೀಮೆಯಲ್ಲಿ ಇದ್ದದ್ದು ಹೊಲ, ಕೆರೆ, ಚದುರಿದ ಹಳ್ಳಿಗಳು. ಬೆಂಗಳೂರಿನ ಪೇಟೆಗೆ 1905ರ ಆಗಸ್ಟ್ 5ರಂದೇ ಬೀದಿಯ ವಿದ್ಯುದ್ದೀಪ ಬಂದಿತ್ತು, ಶಿವನಸಮುದ್ರದ ನೀರು ತಿರುಗಿಸಿದ ಚಕ್ರದಿಂದ. ಆದರೆ ಆ ಬೆಳಕು ಇಷ್ಟು ದೂರ ಹಬ್ಬಿರಲಿಲ್ಲ. ರಾತ್ರಿ ಇಳಿಯುವ ವಿಮಾನಕ್ಕೆ ಸುತ್ತಲಿನ ಕತ್ತಲು ಬಿಟ್ಟಿಯಾಗಿ ಸಿಗುತ್ತಿತ್ತು. ಆಮೇಲೆ ದೂರವಾಣಿ ನಗರದಲ್ಲಿ ಐಟಿಐ ಕಾರ್ಖಾನೆ ಬಂತು, ವೈಟ್‌ಫೀಲ್ಡಿಗೆ ಐಟಿ ಕಂಪನಿಗಳು ಬಂದವು, ರಸ್ತೆಯ ಎರಡೂ ಬದಿಗೆ ಮಾಲ್‌ಗಳೆದ್ದವು, 2023ರ ಮಾರ್ಚಿನಲ್ಲಿ ಮೆಟ್ರೊ ಓಡಿತು. ಈಗ ಇಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಯಾವ ಬಿಲ್ಡರ್ ಆದರೂ ಬ್ರೋಷರಿನ ಮೊದಲ ಪುಟದಲ್ಲಿ ತೋರಿಸುವುದು ಬೆಡ್‌ರೂಮನ್ನಲ್ಲ, ಇರುಳಲ್ಲಿ ಝಗಮಗಿಸುವ ತೋಟವನ್ನು. ತೆಂಗಿನ ಬುಡಕ್ಕೊಂದು ಫೋಕಸ್ ಲೈಟು, ಕಾಲುದಾರಿಯ ಉದ್ದಕ್ಕೂ ಗುಂಡು ದೀಪ, ಕೊಳದ ತಳದಲ್ಲಿ ನೀಲಿ, ಟೆರೇಸಿನ ಅಂಚಿನಲ್ಲಿ ಬಣ್ಣ ಬದಲಿಸುವ ಪಟ್ಟಿ.

ಇಂಥ ತೋಟಕ್ಕೂ ವಿಮಾನಕ್ಕೂ ಏನು ಸಂಬಂಧ ಎಂದು ಅಸೋಸಿಯೇಷನ್ ಮೀಟಿಂಗಿನಲ್ಲಿ ಯಾರಾದರೂ ಕೇಳಿದರೆ ಎರಡು ಥರದ ಉತ್ತರ ಬರುತ್ತದೆ. ‘ಐದು ಕಿಲೋಮೀಟರ್ ದೂರ ಇದೆ, ಬಿಡಿ ಸಾರ್’ ಎನ್ನುವುದು ಒಂದು. ಆಕಾಶಕ್ಕೆ ಮುಖ ಮಾಡಿದ ಎಲ್ಲ ದೀಪವನ್ನೂ ಕೀಳಿಸಬೇಕು ಎನ್ನುವುದು ಇನ್ನೊಂದು. ಎರಡೂ ಪೈಲಟ್ ಎಲ್ಲಿ ಕೂತಿದ್ದಾನೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕಿಳಿಯುತ್ತವೆ. ಒಂದು ಕಿಲೋಮೀಟರ್ ಮುಂದೆ ಬಂದಾಗ ಸುಮಾರು 52 ಮೀಟರ್ ಕೆಳಗೆ. ಅಷ್ಟು ಸಪಾಟಾದ ಇಳಿಜಾರು. ಪೂರ್ವದಿಂದ ಬರುವ ವಿಮಾನಕ್ಕೆ ರನ್‌ವೇ ಇನ್ನು ನಾಲ್ಕೂವರೆ ಕಿಲೋಮೀಟರ್ ಇದೆ ಎನ್ನುವಾಗ ನೆಲದಿಂದ ಇರುವ ಎತ್ತರ ಸುಮಾರು 250 ಮೀಟರ್. ಆ ಹೊತ್ತಿಗೆ ಗರುಡಾಚಾರ್‌ಪಾಳ್ಯ ಅದರ ಬಲಕ್ಕೆ, ಅಂದರೆ ಉತ್ತರಕ್ಕೆ, ಐದು ಕಿಲೋಮೀಟರ್ ಆಚೆ ಇರುತ್ತದೆ. ಐದು ಸಾವಿರ ಮೀಟರ್ ಅಡ್ಡಕ್ಕೆ, 250 ಮೀಟರ್ ಮೇಲಕ್ಕೆ. ಕೋನ ಹಾಕಿ ನೋಡಿದರೆ ಅದೂ ಸುಮಾರು 3 ಡಿಗ್ರಿಯೇ. ವಿಮಾನ ಇನ್ನೂ ಹಿಂದೆ, ಹತ್ತು ಕಿಲೋಮೀಟರ್ ದೂರದಲ್ಲಿರುವಾಗ ಎತ್ತರ ಹೆಚ್ಚು, ದೂರವೂ ಹೆಚ್ಚು. ಕೋನ ಹೆಚ್ಚೂಕಡಿಮೆ ಅಷ್ಟಕ್ಕೇ ನಿಲ್ಲುತ್ತದೆ.

ಹಾಗಾಗಿ ಪೈಲಟ್ ನಮ್ಮ ತೋಟವನ್ನು ಮೇಲಿನಿಂದ ನೋಡುವುದಿಲ್ಲ. ಅಡ್ಡದಿಂದ ನೋಡುತ್ತಾನೆ. ನೆಟ್ಟಗೆ ಆಕಾಶಕ್ಕೆ ಹೋಗುವ ಬೆಳಕು ಅವನ ಕಣ್ಣಿಗೆ ಬೀಳುವ ಸಂಭವವೇ ಕಡಿಮೆ. ಬೀಳುವುದು ದಿಗಂತಕ್ಕೆ ಸಮಾನಾಂತರವಾಗಿ, ಅದಕ್ಕಿಂತ ಸ್ವಲ್ಪವೇ ಮೇಲಕ್ಕೆ ಹೊರಡುವ ಬೆಳಕು. ದಾರಿದೀಪವೆಂದು ಹಾಕಿದ ಗುಂಡು ದೀಪ, ಗೋಡೆಗೆ ಬಡಿದು ಅಂಗಳದ ಕಡೆಗೆ ಓರೆಯಾಗಿಸಿದ ಫ್ಲಡ್ ಲೈಟು, ಟೆರೇಸಿನ ಕಂಬದಲ್ಲಿ ಹೊರಮುಖವಾಗಿ ತೂಗುವ ಬಲ್ಬು; ತಂಟೆ ಇವುಗಳದ್ದು. ನೋಡಲು ಪಾಪದವು, ಯಾರೂ ಸಂಶಯಪಡುವುದಿಲ್ಲ. ನಗರದ ಮೇಲೆ ಕವಿಯುವ ಮಬ್ಬು ಹೊಳಪಿಗೂ ಈ ಅಡ್ಡಬೆಳಕೇ ದೊಡ್ಡ ಕಾರಣ. ನೆಟ್ಟಗೆ ಹೋದ ಬೆಳಕು ಬೇಗ ವಾತಾವರಣ ದಾಟಿ ಹೋಗುತ್ತದೆ. ಅಡ್ಡಕ್ಕೆ ಹೊರಟದ್ದು ದೂಳು, ತೇವ, ಹೊಗೆಯ ನಡುವೆ ಮೈಲುಗಟ್ಟಲೆ ತೂರುತ್ತ ಎಲ್ಲ ಕಡೆಗೂ ಚದುರುತ್ತದೆ.

ಅದೇ 3 ಡಿಗ್ರಿ ನಮಗೊಂದು ಸಮಾಧಾನವನ್ನೂ ಕೊಡುತ್ತದೆ. ಅಷ್ಟು ತಗ್ಗಿದ ನೋಟಕ್ಕೆ 20 ಮೀಟರ್ ಎತ್ತರದ ಕಟ್ಟಡವೋ ಮರದ ಸಾಲೋ ಅಡ್ಡ ಬಂದರೆ ಅದರ ಹಿಂದಿನ 380 ಮೀಟರ್ ನೆಲ ಪೂರ್ತಿ ಮರೆಯಾಗುತ್ತದೆ. ನಾಲ್ಕು ಟವರುಗಳ ನಡುವೆ ನೆಲದ ಮೇಲಿರುವ ತೋಟ ಪೈಲಟ್ಟಿಗೆ ಕಾಣುವುದೇ ಇಲ್ಲ ಎನ್ನಬಹುದು. ಕಾಣುವುದು ಟೆರೇಸಿನ ತೋಟ. ಪಾರ್ಕಿಂಗಿನ ನೆತ್ತಿಯ ಮೇಲೆ ಮಣ್ಣು ಹಾಸಿ ಮಾಡಿದ ಪೋಡಿಯಂ ತೋಟಕ್ಕೂ, ಸುತ್ತ ಟವರುಗಳ ಮರೆ ಇಲ್ಲದಿದ್ದರೆ, ಇದೇ ಪಾಡು. ಹದಿನೈದನೇ ಮಹಡಿಯ ಮೇಲೆ ಪಾರ್ಟಿಗೆಂದು ಹಾಕಿದ ಹತ್ತು ಬಲ್ಬುಗಳಿಗೆ ಮರೆ ಕೊಡಲು ಮಹದೇವಪುರದಲ್ಲಿ ಯಾವ ಹೊಂಗೆ ಮರವೂ ಇಲ್ಲ. ಹೊರಾಂಗಣ ದೀಪದ ಪ್ಲಾನ್ ಮಾಡುವವರು ಕೆಳಗಿನ ತೋಟಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಟೆರೇಸನ್ನು ಕೊನೆಯ ವಾರ ಎಲೆಕ್ಟ್ರಿಷಿಯನ್ನಿಗೆ ಬಿಟ್ಟುಬಿಡುತ್ತಾರೆ. ಆಗಬೇಕಾದ್ದು ತಿರುವುಮುರುವು.

ಆಯಿತು, ಕಾಣುತ್ತದೆ, ಎಷ್ಟು ಕಾಣುತ್ತದೆ? ಹಾಲುಬಣ್ಣದ ಅಕ್ರಿಲಿಕ್ ಗುಂಡಿನೊಳಗೆ 10 ವ್ಯಾಟಿನ ಎಲ್‌ಇಡಿ ಬಲ್ಬು ಹಾಕಿದರೆ ಸುಮಾರು 1000 ಲ್ಯೂಮೆನ್ ಬೆಳಕು. ಅದನ್ನು ಗುಂಡು ಎಲ್ಲ ದಿಕ್ಕಿಗೂ ಸಮನಾಗಿ ಹಂಚುತ್ತದೆ ಎಂದುಕೊಂಡರೆ ಒಂದೊಂದು ದಿಕ್ಕಿಗೆ 80 ಕ್ಯಾಂಡೆಲಾ ಬರುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲುಭಾಗಕ್ಕಿಳಿಯುತ್ತದೆ ಎಂಬ ಹೈಸ್ಕೂಲಿನ ಸೂತ್ರ ಹಾಕಿ ನೋಡಿ: ಐದು ಕಿಲೋಮೀಟರ್ ಆಚೆ ಅದು ಒಂದು ಲಕ್ಸ್‌ನ ಹತ್ತು ಲಕ್ಷದಲ್ಲಿ ಮೂರು ಪಾಲು. ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅಭಿಜಿತ್ ನಕ್ಷತ್ರದಿಂದ ನಮ್ಮ ಕಣ್ಣಿಗೆ ಬರುವ ಬೆಳಕು ಇದಕ್ಕಿಂತಲೂ ಒಂದಿಷ್ಟು ಕಡಿಮೆ. ದಾರಿಯಲ್ಲಿ ದೂಳು ಒಂದು ಪಾಲು ನುಂಗಿದರೂ, ನೀವು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಿಂದ ತಂದ ಗುಂಡು ದೀಪ ಪೈಲಟ್ಟಿನ ಪಾಲಿಗೆ ಆಕಾಶದ ಅತಿ ಪ್ರಕಾಶಮಾನ ತಾರೆಗಳ ಸಾಲಿನದ್ದು.

50 ವ್ಯಾಟಿನ ಫ್ಲಡ್ ಲೈಟಿನ ಕತೆ ಬೇರೆ. ಅದು 5000 ಲ್ಯೂಮೆನ್ನನ್ನು ಒಂದೇ ಕಡೆಗೆ ಒತ್ತಿ ಕಳಿಸುತ್ತದೆ. ಅದರ ನೇರಕ್ಕೆ ಐದು ಸಾವಿರ ಕ್ಯಾಂಡೆಲಾದಷ್ಟು. ಐದು ಕಿಲೋಮೀಟರ್ ದೂರದಿಂದ ಅದು ಶುಕ್ರಗ್ರಹದಷ್ಟು ಹೊಳೆಯುತ್ತದೆ. ಶುಕ್ರ ಪೈಲಟ್‌ಗಳನ್ನು ಏಮಾರಿಸಿದ್ದಕ್ಕೆ ದಾಖಲೆಯೂ ಇದೆ. 2011ರ ಜನವರಿಯಲ್ಲಿ ಟೊರಾಂಟೊದಿಂದ ಜ್ಯೂರಿಕ್ಕಿಗೆ ಅಟ್ಲಾಂಟಿಕ್ ದಾಟುತ್ತಿದ್ದ ಏರ್ ಕೆನಡಾ ವಿಮಾನದಲ್ಲಿ ಸಣ್ಣ ನಿದ್ದೆ ತೆಗೆದು ಎದ್ದ ಸಹಪೈಲಟ್ ಮೊದಲು ಶುಕ್ರನನ್ನೇ ಇನ್ನೊಂದು ವಿಮಾನ ಎಂದು ಬಗೆದ; ಆಮೇಲೆ, ಕೆಳಮಟ್ಟದಲ್ಲಿ ಎದುರಿನಿಂದ ಬರುತ್ತಿದ್ದ ನಿಜವಾದ ವಿಮಾನ ಕಂಡಾಗ ಅದು ತಮ್ಮ ಮೇಲೇ ಇಳಿಯುತ್ತಿದೆ ಎಂದುಕೊಂಡು ಮೂತಿಯನ್ನು ಕೆಳಕ್ಕೆ ಒತ್ತಿಬಿಟ್ಟ. ಬೆಲ್ಟ್ ಹಾಕದೆ ಮಲಗಿದ್ದವರು ಛಾವಣಿಗೆ ಬಡಿದರು; ಹದಿನಾರು ಮಂದಿಗೆ ಗಾಯ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ದೊಡ್ಡ ರನ್‌ವೇಯ ದಾರಿ ತೋರುವ ದೀಪಗಳು ಪೂರ್ಣ ಶಕ್ತಿಯಲ್ಲಿ 20,000 ಕ್ಯಾಂಡೆಲಾದಷ್ಟು ಉರಿಯಬಲ್ಲವು. ಅದು ಮಂಜು, ಮಳೆಯ ದಿನಕ್ಕೆ. ತಿಳಿಯಾದ ರಾತ್ರಿ ಹಾಗೆ ಉರಿಸಿದರೆ ಪೈಲಟ್ಟಿನ ಕಣ್ಣು ಕುಕ್ಕುತ್ತದೆಂದು ಕಂಟ್ರೋಲ್ ಟವರಿನವರು ನೂರಕ್ಕೆ ಮೂರೋ ಒಂದೋ ಪಾಲಿಗೆ ಇಳಿಸುತ್ತಾರೆ. ಮೂರು ಪಾಲೆಂದರೆ 600 ಕ್ಯಾಂಡೆಲಾ. ವಿಮಾನ ನಿಲ್ದಾಣದವರು ಲೆಕ್ಕ ಹಾಕಿ ತಗ್ಗಿಸಿಟ್ಟ ದೀಪಕ್ಕಿಂತ ಯಾರದೋ ಟೆರೇಸಿನ ಫ್ಲಡ್ ಲೈಟು ಎಂಟು ಪಟ್ಟು ಪ್ರಖರವಾಗಿ ನಿಲ್ಲುತ್ತದೆ, ಅದೂ ಯಾರನ್ನೂ ಕೇಳದೆ, ರಾತ್ರಿಯಿಡೀ.

ಹೊಳಪಿಗಿಂತ ಕೆಟ್ಟದ್ದು ವಿನ್ಯಾಸದ ಗೊಂದಲ. ಇರುಳಲ್ಲಿ ರನ್‌ವೇ ಎಂಬುದೊಂದು ವಸ್ತುವಾಗಿ ಕಾಣುವುದಿಲ್ಲ. ಚುಕ್ಕಿಗಳ ರಂಗೋಲಿಯಾಗಿ ಕಾಣುತ್ತದೆ. ಅಂಚಿನುದ್ದಕ್ಕೂ ಬಿಳಿ, ಆರಂಭದ ಗೆರೆಗೆ ಹಸಿರು, ಮುಗಿಯುವಲ್ಲಿ ಕೆಂಪು, ವಿಮಾನಗಳು ತೆವಳಿ ಹೋಗುವ ಟ್ಯಾಕ್ಸಿವೇಯ ಅಂಚಿಗೆ ನೀಲಿ, ಅದರ ನಡುಗೆರೆಗೆ ಹಸಿರು. ಪಕ್ಕದಲ್ಲಿ ನಾಲ್ಕು ದೀಪಗಳ ಒಂದು ಸಾಲು: ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಜಾರು ಸರಿ, ನಾಲ್ಕೂ ಕೆಂಪಾದರೆ ವಿಮಾನ ತೀರಾ ತಗ್ಗಿನಲ್ಲಿದೆ. ಮುಂದೆ, ರನ್‌ವೇ ಕಡೆಗೆ ಓಡುವಂತೆ ಸೆಕೆಂಡಿಗೆ ಎರಡು ಸಲ ಮಿನುಗುವ ಬಿಳಿ ದೀಪಗಳ ಸಾಲು. ನಮ್ಮ ಹಬ್ಬದ ಓಡುವ ಸೀರಿಯಲ್ ಸೆಟ್ ಇದ್ದಹಾಗೆಯೇ.

ಈ ರಂಗೋಲಿಯನ್ನು ಅಪಾರ್ಟ್‌ಮೆಂಟಿನ ಡ್ರೈವ್‌ವೇ ಅರಿವಿಲ್ಲದೆ ನಕಲು ಮಾಡುತ್ತದೆ. ದೊಡ್ಡ ರನ್‌ವೇ ಸಾಮಾನ್ಯವಾಗಿ 45 ಮೀಟರ್ ಅಗಲ. ಅಂಚಿನ ದೀಪಗಳ ನಡುವೆ ಹೆಚ್ಚೆಂದರೆ 60 ಮೀಟರ್. ಗೇಟಿನಿಂದ ಕ್ಲಬ್‌ಹೌಸಿಗೆ 6 ಮೀಟರ್ ಅಗಲದ ನೇರ ದಾರಿ ಮಾಡಿ, ಎರಡೂ ಅಂಚಿಗೆ 8 ಮೀಟರಿಗೊಂದು ಬಿಳಿ ದೀಪ ನೆಟ್ಟರೆ ಅಗಲಕ್ಕೂ ಅಂತರಕ್ಕೂ ಇರುವ ಅನುಪಾತ ಎರಡರಲ್ಲೂ ಒಂದೇ. ಕಣ್ಣು ಕತ್ತಲಲ್ಲಿ ಮೀಟರುಗಳನ್ನು ಅಳೆಯುವುದಿಲ್ಲ, ಕೋನಗಳನ್ನು ಅಳೆಯುತ್ತದೆ. ಸಣ್ಣದು ಹತ್ತಿರವಿದೆಯೋ ದೊಡ್ಡದು ದೂರವಿದೆಯೋ ಎಂದು ಹೇಳಲು ಅದಕ್ಕೆ ಬೇರೆ ಆಧಾರ ಬೇಕು, ಮತ್ತು ಇರುಳಲ್ಲಿ ಆ ಆಧಾರ ಇರುವುದಿಲ್ಲ.

ಪೈಲಟ್‌ಗಳ ಬಳಿ ಉಪಕರಣಗಳಿಲ್ಲವೇ ಎಂದು ಕೇಳಬಹುದು. ಇವೆ. ಆದರೂ 2017ರ ಜುಲೈ 7ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯಲು ಬಂದ ಏರ್‌ಬಸ್ ಎ320 ರನ್‌ವೇ ಬಿಟ್ಟು ಪಕ್ಕದ ಟ್ಯಾಕ್ಸಿವೇಗೆ ಗುರಿ ಹಿಡಿಯಿತು. ಅಲ್ಲಿ ನಾಲ್ಕು ವಿಮಾನಗಳು ಹೊರಡಲು ಸರದಿಯಲ್ಲಿ ನಿಂತಿದ್ದವು. ಎರಡು ಸಮಾಂತರ ರನ್‌ವೇಗಳಲ್ಲಿ ಒಂದನ್ನು ಆ ರಾತ್ರಿ ಕೆಲಸಕ್ಕೆಂದು ಮುಚ್ಚಿ ದೀಪ ಆರಿಸಿದ್ದರು. ಎಡಗಡೆಗೊಂದು ದೀಪಗಳ ಸಾಲು, ಬಲಗಡೆಗೊಂದು ಸಾಲು ಇರಬೇಕೆಂದು ಪೈಲಟ್‌ಗಳ ಮನಸ್ಸು ಕಾಯುತ್ತಿತ್ತು. ಕಂಡ ಎರಡು ಸಾಲುಗಳಲ್ಲಿ ಬಲಗಡೆಯದು ಟ್ಯಾಕ್ಸಿವೇ ಆಗಿತ್ತು. ನೆಲದಿಂದ ಸುಮಾರು 60 ಅಡಿಯವರೆಗೆ ಬಂದು ವಿಮಾನ ಮತ್ತೆ ಮೇಲೇರಿತು. ಅನುಭವಿಗಳು, ಚೊಕ್ಕ ಹವೆ, ಜಗತ್ತಿನ ಅತಿ ಪರಿಚಿತ ನಿಲ್ದಾಣಗಳಲ್ಲಿ ಒಂದು. ತಪ್ಪಿದ್ದು ಯಾವ ಚುಕ್ಕಿಗಳನ್ನು ಸೇರಿಸಿ ಓದಬೇಕು ಎಂಬುದು.

ಇದಕ್ಕೆ ಐದು ದಶಕ ಹಿಂದೆಯೇ ಬೋಯಿಂಗ್ ಕಂಪನಿಯ ಮನೋವಿಜ್ಞಾನಿ ಕಾನ್ರಾಡ್ ಕ್ರಾಫ್ಟ್ ಒಂದು ಪ್ರಯೋಗ ಮಾಡಿದ್ದ. ಬೆಳಗಿದ ನಗರ, ಅದರ ಮುಂದೆ ಕಪ್ಪು ಬಯಲು. ಇಂಥ ದೃಶ್ಯವನ್ನು ಕೃತಕವಾಗಿ ಕಟ್ಟಿ ಪಳಗಿದ ಪೈಲಟ್‌ಗಳಿಗೆ ಬರೀ ಕಣ್ಣಂದಾಜಿನಲ್ಲಿ ಇಳಿಸಲು ಹೇಳಿದ. ಬಹುಪಾಲು ಮಂದಿ ಇರಬೇಕಾದ ಎತ್ತರಕ್ಕಿಂತ ಅಪಾಯಕಾರಿಯಾಗಿ ಕೆಳಗೆ ಬಂದರು, ತಾವು ಸರಿಯಾಗಿಯೇ ಇದ್ದೇವೆ ಎಂದುಕೊಂಡು. ಪ್ರಖರ ದೀಪ ಹತ್ತಿರವಿದ್ದಂತೆ ತೋರುತ್ತದೆ, ಮಂಕಾದದ್ದು ದೂರವಿದ್ದಂತೆ. ಊರು ಇಳಿಜಾರಿನಲ್ಲಿದ್ದರೆ ನೆಲವೇ ಓರೆಯಾದಂತೆ ಕಾಣುತ್ತದೆ. ಸುತ್ತಲಿನ ಬೆಳಕು ಹೇಗೆ ಹರಡಿದೆ ಎಂಬುದು ಪೈಲಟ್ಟಿನ ಅಂದಾಜಿನೊಳಗೆ ಸೇರಿಕೊಂಡುಬಿಡುತ್ತದೆ. ನನ್ನ ಮಟ್ಟಿಗೆ ರನ್‌ವೇಯ ಪಕ್ಕದ ಕತ್ತಲೂ ದೀಪಗಳಷ್ಟೇ ಮುಖ್ಯವಾದ ಸಲಕರಣೆ. ವ್ಯತ್ಯಾಸ ಇಷ್ಟೆ: ದೀಪ ನಿಲ್ದಾಣದವರ ಸ್ವತ್ತು, ಕತ್ತಲು ನೆರೆಹೊರೆಯವರ ಕೈಯಲ್ಲಿದೆ.

ಕಾನೂನು ಏನನ್ನುತ್ತದೆ? ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಾವಳಿಯ 14ನೇ ಅನುಬಂಧ ನಿಲ್ದಾಣಗಳ ವಿನ್ಯಾಸದ ಕುರಿತದ್ದು. ದೊಡ್ಡ ರನ್‌ವೇಯ ಎರಡೂ ತುದಿಗಳಿಂದ ಕನಿಷ್ಠ 4500 ಮೀಟರ್ ಉದ್ದಕ್ಕೆ, ನಡುಗೆರೆಯ ಎರಡೂ ಪಕ್ಕ 750 ಮೀಟರ್ ಅಗಲಕ್ಕೆ ಇರುವ ಪಟ್ಟಿಯಲ್ಲಿ, ಗೊಂದಲ ಹುಟ್ಟಿಸಬಹುದಾದ ದೀಪಗಳ ಮೇಲೆ ವಿಶೇಷ ಕಣ್ಣಿಡಬೇಕೆಂದು ಅದು ಹೇಳುತ್ತದೆ. ಅಂಥ ದೀಪವನ್ನು ಆರಿಸಬೇಕು, ಮರೆಮಾಡಬೇಕು ಅಥವಾ ಮಾರ್ಪಡಿಸಬೇಕು. ಎಚ್‌ಎಎಲ್‌ನ ಪೂರ್ವಕ್ಕೆ ಈ ಪಟ್ಟಿ ಬಿಡಿಸಿದರೆ ಮಾರತ್‌ಹಳ್ಳಿ, ಮುನ್ನೇಕೊಳಲು ಕಡೆಯ ಮನೆಗಳು ಒಳಗೆ ಬರುತ್ತವೆ. ಗರುಡಾಚಾರ್‌ಪಾಳ್ಯ ಬಹಳ ಹೊರಗೆ. ನಮ್ಮ 1937ರ ವಿಮಾನ ನಿಯಮಗಳಲ್ಲಿ ‘ಸುಳ್ಳು ದೀಪ’ಗಳ ಬಗ್ಗೆ ಪ್ರತ್ಯೇಕ ನಿಯಮವೇ ಇದೆ. ನಿಲ್ದಾಣದ ಆಸುಪಾಸಿನಲ್ಲಿ ವಿಮಾನಯಾನದ ದೀಪವೆಂದು ತಪ್ಪು ತಿಳಿಯುವಂಥ ಬೆಳಕಿದ್ದರೆ ನಾಗರಿಕ ವಿಮಾನಯಾನ ಮಹಾನಿರ್ದೇಶಕರು ಆ ಜಾಗದ ಮಾಲೀಕರಿಗೆ ನೋಟಿಸು ಕೊಟ್ಟು ಆರಿಸಲು, ಮರೆಮಾಡಲು ಹೇಳಬಹುದು.

ಗರುಡಾಚಾರ್‌ಪಾಳ್ಯದವರು ತಪ್ಪಿಸಿಕೊಳ್ಳಲಾಗದ್ದು ಎರಡು. ಒಂದು ಲೇಸರ್. ಅದರ ಕಿರಣ ಅಷ್ಟಾಗಿ ಹರಡಿಕೊಳ್ಳುವುದಿಲ್ಲವಾದ್ದರಿಂದ ಮೇಲಿನ ಅಭಿಜಿತ್, ಶುಕ್ರರ ಲೆಕ್ಕ ಅದಕ್ಕೆ ಅನ್ವಯಿಸದು. ಹಾಗೆಂದೇ ಅಂತಾರಾಷ್ಟ್ರೀಯ ನಿಯಮದಲ್ಲಿ ಲೇಸರಿಗೆ ಗೆರೆ ಎಳೆದಿರುವುದು ನಿಲ್ದಾಣದ ಸುತ್ತ 18.5 ಕಿಲೋಮೀಟರಿಗೆ. ಗಣೇಶನ ಮೆರವಣಿಗೆಯ ಡಿಜೆ ವಾಹನದಿಂದ ಹೊರಟ ಹಸಿರು ಕಿರಣ ಕಾಕ್‌ಪಿಟ್ಟಿನ ಗಾಜಿಗೆ ಬಿದ್ದರೆ ಗಾಜಿನ ಗೀರು, ದೂಳುಗಳೆಲ್ಲ ಅದನ್ನು ಚದುರಿಸಿ ಇಡೀ ಕಿಟಕಿಯೇ ಹಸಿರು ಪರದೆಯಾಗುತ್ತದೆ. ಎರಡನೆಯದು ಎತ್ತರ. 2015ರ ನಿಯಮಗಳಡಿ ಕಟ್ಟಡಕ್ಕೆ ಕೊಡುವ ಅನುಮತಿ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು ಇರುತ್ತದೆ, ಮತ್ತು ಅದು ಕಟ್ಟಡದ ತುತ್ತತುದಿಯ ಲೆಕ್ಕ. ನೀರಿನ ಟ್ಯಾಂಕು, ಆಂಟೆನಾ, ಸಿಡಿಲುಕಡ್ಡಿ ಎಲ್ಲ ಅದರೊಳಗೆ. ಟೆರೇಸಿನ ತೋಟಕ್ಕೆ ಆಮೇಲೆ ನೆಟ್ಟ ನಾಲ್ಕು ಮೀಟರಿನ ದೀಪದ ಕಂಬವೂ ಒಳಗೇ. ಇದನ್ನು ಮರೆಯುವ ಅಸೋಸಿಯೇಷನ್‌ಗಳೇ ಹೆಚ್ಚು.

ಇನ್ನು ತೋಟಕ್ಕಿಳಿಯೋಣ. ಗುಂಡು ದೀಪವನ್ನೊಮ್ಮೆ ಹತ್ತಿರದಿಂದ ನೋಡಿ. ಎರಡು ಮಳೆಗಾಲ ಕಳೆದದ್ದಾದರೆ ಅಕ್ರಿಲಿಕ್ ಹಳದಿಗಟ್ಟಿರುತ್ತದೆ, ತಳದಲ್ಲಿ ಒಂದು ಬೆರಳು ದಪ್ಪಕ್ಕೆ ಸತ್ತ ಹುಳುಗಳು, ಅದರ ಮೇಲೆ ಹಲ್ಲಿ ಕೂತಿರುತ್ತದೆ. ಬಲ್ಬಿನ ಅರ್ಧ ಬೆಳಕು ಮೇಲಕ್ಕೆ ಹೋಯಿತು. ಕೆಳಗೆ ಬರಬೇಕಾದ್ದರಲ್ಲಿ ಒಂದು ಪಾಲನ್ನು ಕಂಬದ ಬುಡ ಮತ್ತು ಈ ಹುಳುಗಳ ರಾಶಿ ತಡೆಯಿತು. ಉಳಿದದ್ದರಲ್ಲಿ ಹೆಚ್ಚಿನದು ಅಡ್ಡಕ್ಕೆ ನುಗ್ಗಿ ನಡೆಯುವವರ ಕಣ್ಣಿಗೇ ಹೊಡೆಯುತ್ತದೆ. ದೀಪ ಎದ್ದು ಕಾಣುತ್ತದೆ, ದಾರಿ ಕಾಣುವುದಿಲ್ಲ.

ಅದರ ಜಾಗಕ್ಕೆ ಮುಕ್ಕಾಲು ಮೀಟರ್ ಎತ್ತರದ, ತಲೆಗೆ ಚಪ್ಪಟೆ ಮುಚ್ಚಳವಿರುವ ಬೊಲ್ಲಾರ್ಡ್ ಹಾಕಿ. ಎಲ್‌ಇಡಿ ಮುಚ್ಚಳದ ಒಳಗೆ ಹುದುಗಿರಬೇಕು, ಅಡ್ಡದಿಂದ ನೋಡಿದರೆ ಚುಕ್ಕಿ ಕಾಣಬಾರದು. 300 ಲ್ಯೂಮೆನ್ ಸಾಕು. ನಾಲ್ಕು ಮೀಟರಿಗೊಂದರಂತೆ ಹಾಕಿದರೆ ಕಾಲುದಾರಿಗೆ ಸುಮಾರು 10 ಲಕ್ಸ್ ಸಿಗುತ್ತದೆ. ಹುಣ್ಣಿಮೆಯ ಚಂದ್ರ ಕೊಡುವುದು ಕಾಲು ಲಕ್ಸ್ ಎಂಬುದನ್ನು ನೆನೆದರೆ ಇದೇ ಧಾರಾಳ. ಪೈಲಟ್ಟಿನ ಕಡೆಗೆ ಎಷ್ಟು ಹೋಗುತ್ತದೆ? ನೇರ ಬೆಳಕು ಸೊನ್ನೆ. ಹುಲ್ಲು ತನ್ನ ಮೇಲೆ ಬಿದ್ದುದರಲ್ಲಿ ಹತ್ತರಲ್ಲೊಂದು ಪಾಲನ್ನು ಹಿಂದಕ್ಕೆ ಚದುರಿಸುತ್ತದೆ. ಹಾಗೆ ಚದುರಿದ್ದೂ ಹೆಚ್ಚಾಗಿ ನೆಟ್ಟಗೆ ಮೇಲಕ್ಕೆ. ದಿಗಂತದ ಹತ್ತಿರದ 3 ಡಿಗ್ರಿಯ ದಿಕ್ಕಿಗೆ ಬರುವುದು ಅರ್ಧ ಕ್ಯಾಂಡೆಲಾ ಮಾತ್ರ. ಅಷ್ಟೇ ಲ್ಯೂಮೆನ್ನಿನ ಗುಂಡು ದೀಪ ಆ ದಿಕ್ಕಿಗೆ 24 ಕ್ಯಾಂಡೆಲಾ ಕಳಿಸುತ್ತದೆ. ಒಂದು ತಗಡಿನ ಮುಚ್ಚಳ ಮಾಡಿದ ವ್ಯತ್ಯಾಸ ಸುಮಾರು ಐವತ್ತು ಪಟ್ಟು. ದಾರಿಯನ್ನು ಸ್ವಲ್ಪ ಬಳಸಿ, ಬೊಲ್ಲಾರ್ಡ್‌ಗಳನ್ನು ಒಂದೇ ಬದಿಗೆ ಅಥವಾ ಒಂದು ಎಡಕ್ಕೊಂದು ಬಲಕ್ಕೆ ಹಾಕಿದರೆ ರನ್‌ವೇಯ ರಂಗೋಲಿಯೂ ಮುರಿಯುತ್ತದೆ.

ಮರಗಳ ವಿಷಯಕ್ಕೆ ಬಂದರೆ ಎಲೆಕ್ಟ್ರಿಷಿಯನ್‌ಗಳೊಂದಿಗೆ ಜಗಳ ಖಚಿತ. ‘ಕೆಳಗಿಂದ ಮೇಲಕ್ಕೆ ಹೊಡುದ್ರೇನೇ ಸಾರ್ ಲುಕ್ ಬರೋದು.’ ಹಲಸು, ಮಾವಿನಂಥ ದಟ್ಟ ಎಲೆಯ ಮರವಾದರೆ ಅವನ ಮಾತನ್ನು ಒಪ್ಪಬಹುದು: ಕಿರಿದಾದ ಕಿರಣ, ಬುಡದ ಹತ್ತಿರ, ನೆಟ್ಟಗೆ ಕೊಂಬೆಯೊಳಗೆ. ಎಲೆಗಳೇ ಬೆಳಕನ್ನು ಹಿಡಿದುಕೊಳ್ಳುತ್ತವೆ, ತಪ್ಪಿಸಿಕೊಂಡದ್ದು ನೇರ ಆಕಾಶಕ್ಕೆ ಹೋಗುತ್ತದೆ. ಪೈಲಟ್ಟಿಗೆ ತೊಂದರೆ ಕಡಿಮೆ. ತೆಂಗಿಗೆ, ರಾಯಲ್ ಪಾಮಿಗೆ ಹಾಗೆ ಮಾಡುವುದು ದಂಡ. ಹದಿನೈದು ಮೀಟರ್ ಕಾಂಡ ಸವರಿ ಹೋದ ಬೆಳಕಿಗೆ ಮೇಲೆ ಸಿಗುವುದು ನಾಲ್ಕು ಗರಿ. ಚೆಂದ ಬೇಕೆಂದರೆ ದೊಡ್ಡ ಕೊಂಬೆಯ ಮೇಲೆ ಮರೆಯಲ್ಲಿ ಸಣ್ಣ ದೀಪ ಕಟ್ಟಿ ಕೆಳಮುಖ ಮಾಡಬೇಕು. ಎಲೆಗಳ ನೆರಳು ಹುಲ್ಲಿನ ಮೇಲೆ ಬೀಳುತ್ತದೆ. ಕೊಂಬೆ ಬೆಳೆಯುತ್ತದೆ ಎಂಬುದನ್ನು ನೆನಪಿಟ್ಟು ಕಟ್ಟನ್ನು ವರ್ಷಕ್ಕೊಮ್ಮೆ ಸಡಿಲಿಸಬೇಕು.

ಕೊಳ, ಈಜುಕೊಳಗಳಲ್ಲಿ ಒಂದು ಮೋಸವಿದೆ. ನೆತ್ತಿಯಿಂದ ಬಿದ್ದ ಬೆಳಕಿನಲ್ಲಿ ನೀರು ಹಿಂದಿರುಗಿಸುವುದು ನೂರಕ್ಕೆ ಎರಡು ಪಾಲು ಮಾತ್ರ. ನೀರಿನ ಮೇಲ್ಮೈಗೆ 10 ಡಿಗ್ರಿ ಓರೆಯಲ್ಲಿ ಸವರಿಕೊಂಡು ಬಂದ ಬೆಳಕಿನಲ್ಲಿ ಮೂರನೇ ಒಂದು ಪಾಲು ಅಷ್ಟೇ ಓರೆಯಲ್ಲಿ ಆಚೆ ಪುಟಿಯುತ್ತದೆ, ಅಂದರೆ ದಿಗಂತದ ಕಡೆಗೆ. ಕೊಳದ ಆಚೆ ದಂಡೆಯಲ್ಲಿ ನಿಂತ ಫ್ಲಡ್ ಲೈಟು ಹೀಗೆ ಎರಡು ದೀಪವಾಗುತ್ತದೆ. ನೀಲಿ, ಹಸಿರು, ಕೆಂಪು ಬಣ್ಣಗಳನ್ನಂತೂ ಟೆರೇಸಿನ ಮೇಲೆ ಬಿಟ್ಟೇಬಿಡುವುದು ಒಳ್ಳೆಯದು. ಅವು ನಿಲ್ದಾಣದ ಭಾಷೆಯ ಬಣ್ಣಗಳು. ಬಿಳಿಯಲ್ಲೂ 6500 ಕೆಲ್ವಿನ್ನಿನ ನೀಲಿಮಿಶ್ರಿತ ಬಿಳಿಗಿಂತ 2700–3000 ಕೆಲ್ವಿನ್ನಿನ ಬೆಚ್ಚನೆಯ ಬಿಳಿ ಲೇಸು. 450 ನ್ಯಾನೊಮೀಟರಿನ ನೀಲಿ ಬೆಳಕನ್ನು ಗಾಳಿಯ ಕಣಗಳು 600 ನ್ಯಾನೊಮೀಟರಿನ ಕಿತ್ತಳೆಗಿಂತ ಮೂರು ಪಟ್ಟು ಹೆಚ್ಚು ಚದುರಿಸುತ್ತವೆ. ಕೆ.ಆರ್. ಪುರದ ಆಚೆ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕೇಂದ್ರವಿದೆ. ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ಅಲ್ಲಿ ಕೂತೇ ಉಪಗ್ರಹದ ಮೂಲಕ ತಿರುಗಿಸುತ್ತಾರೆ. ಬೆಂಗಳೂರಿನ ಖಗೋಳಜ್ಞರು ನಕ್ಷತ್ರ ನೋಡಲು ಹಿಮಾಲಯಕ್ಕೆ ಹೋಗಬೇಕಾದ್ದರಲ್ಲಿ ಮೋಡದ ಪಾಲು ದೊಡ್ಡದು, ನಿಜ. ನಮ್ಮ ದೀಪಗಳ ಪಾಲೂ ಇದೆ.

ಹುಳುಗಳ ಲೆಕ್ಕ ಇನ್ನೂ ಬಾಕಿ ಇದೆ. ಹುಳುಗಳು ದೀಪಕ್ಕೆ ಮೋಹಗೊಂಡು ಬರುತ್ತವೆಂದು ನಾವು ಅಂದುಕೊಂಡಿದ್ದೆವು. ಅತಿವೇಗದ ಕ್ಯಾಮೆರಾದಲ್ಲಿ ಹಾರಾಟ ಸೆರೆಹಿಡಿದ ಸಂಶೋಧಕರು 2024ರಲ್ಲಿ ಬೇರೆಯದೇ ಹೇಳಿದರು: ಹಾರುವ ಕೀಟಗಳು ಬೆಳಕಿರುವ ಕಡೆಗೆ ಬೆನ್ನು ತಿರುಗಿಸುತ್ತವೆ. ಆಕಾಶವೇ ನೆಲಕ್ಕಿಂತ ಬೆಳಗಿರುತ್ತದೆ ಎಂಬ ಕೋಟ್ಯಂತರ ವರ್ಷಗಳ ನಂಬಿಕೆ ಅದು. ಅಡ್ಡದಲ್ಲೊಂದು ಗುಂಡು ದೀಪ ಬಂದರೆ ಅದಕ್ಕೆ ಬೆನ್ನು ಮಾಡಲು ಹೋಗಿ ಸುತ್ತುತ್ತ ಸಿಕ್ಕಿಬೀಳುತ್ತವೆ. ಮೊದಲ ಮಳೆಗೆ ರೆಕ್ಕೆಗೆದ್ದಲು ಎದ್ದ ಸಂಜೆ ನೋಡಬೇಕು. ಹುಳುವಿನ ಹಿಂದೆ ಬಾವಲಿ ಬರುತ್ತದೆ, ಬೆಳಗಾದರೆ ಉಳಿದದ್ದನ್ನು ಹೆಕ್ಕಲು ಹಕ್ಕಿ ಬರುತ್ತದೆ. ರನ್‌ವೇಗೆ ತೀರಾ ಹತ್ತಿರದ ತೋಟಗಳಲ್ಲಿ ಇದು ಚಿಂತೆಯ ಮಾತು. ಗರುಡಾಚಾರ್‌ಪಾಳ್ಯಕ್ಕೆ ಅಷ್ಟಾಗಿ ತಟ್ಟದು. ಬೆಚ್ಚನೆಯ ಬಣ್ಣ, ಮುಚ್ಚಳ, ಹತ್ತು ಗಂಟೆಗೆ ಆರಿಸುವ ಟೈಮರ್ ಇದ್ದರೆ ಅಲ್ಲೂ ತಕ್ಕಮಟ್ಟಿಗೆ ಪರಿಹಾರ.

ಆರಿಸಬಾರದ ದೀಪವೂ ಒಂದಿದೆ: ಟವರಿನ ನೆತ್ತಿಯ ಕೆಂಪು ದೀಪ. ಅದು ಅಲಂಕಾರಕ್ಕಲ್ಲ, ಎತ್ತರದ ಕಟ್ಟಡ ಇಲ್ಲಿದೆ ಎಂದು ವಿಮಾನಕ್ಕೆ ಹೇಳಲು. ಅದು ಕೆಟ್ಟರೆ ಲಿಫ್ಟ್ ಕೆಟ್ಟಷ್ಟೇ ಬೇಗ ರಿಪೇರಿಯಾಗಬೇಕು, ಆದರೆ ದೂರು ಕೊಡುವವರೇ ಇರುವುದಿಲ್ಲ. ಎಲ್‌ಇಡಿ ಬಂದ ಮೇಲೆ ಅದರಲ್ಲೊಂದು ಹೊಸ ತೊಡಕು ಕಂಡಿತು. ಸೇನೆಯ ಹೆಲಿಕಾಪ್ಟರ್ ಪೈಲಟ್‌ಗಳು ತೊಡುವ ಇರುಳುಗನ್ನಡಕ ಕೆಂಪಿನ ಆಚೆಯ ತುದಿ ಮತ್ತು ಅವಕೆಂಪು ಕಿರಣಗಳಿಗೆ ಸ್ಪಂದಿಸುತ್ತದೆ. ಹಳೆಯ ಬಲ್ಬು ಅವನ್ನು ಧಾರಾಳವಾಗಿ ಸೂಸುತ್ತಿತ್ತು, ಕೆಂಪು ಎಲ್‌ಇಡಿ ಸೂಸುವುದಿಲ್ಲ. ಬರಿಗಣ್ಣಿಗೆ ಢಾಳಾಗಿ ಕಾಣುವ ದೀಪ ಕನ್ನಡಕದೊಳಗೆ ಮಾಯ. ಹಾಗಾಗಿ ಅವಕೆಂಪು ಎಲ್‌ಇಡಿಯನ್ನೂ ಜೊತೆಗಿಟ್ಟ ಫಿಟಿಂಗ್‌ಗಳು ಈಗ ಸಿಗುತ್ತವೆ. ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯ ನೆರೆಯಲ್ಲಿರುವವರು ಕೊಳ್ಳುವಾಗ ಅದನ್ನೇ ಕೇಳಬೇಕು.

ದೀಪ ಹಾಕಿ ಮುಗಿದ ಮೇಲೆ ಕಂಟ್ರಾಕ್ಟರಿಗೆ ಕೊನೆಯ ಬಿಲ್ಲು ಕೊಡುವ ಮುನ್ನ ಮಾಡಬೇಕಾದ ಪರೀಕ್ಷೆಗೆ ಯಾವ ಮೀಟರೂ ಬೇಡ. ನೂರು ಮೀಟರ್ ದೂರದ ಪಕ್ಕದ ಟವರಿನಲ್ಲಿ, ನಿಮ್ಮ ಟೆರೇಸಿಗಿಂತ ಎರಡು ಮಹಡಿ ಎತ್ತರದಲ್ಲಿ ನಿಂತರೆ ನೋಟ ಸರಿಸುಮಾರು 3 ಡಿಗ್ರಿ ತಗ್ಗುತ್ತದೆ, ಪೈಲಟ್ಟಿನದೇ ಕೋನ. ರಾತ್ರಿ ಎಂಟರ ಮೇಲೆ ಅಲ್ಲಿನ ಕಾರಿಡಾರಿನ ದೀಪ ಆರಿಸಿ, ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬಿಟ್ಟು ನೋಡಿ. ಬೆಳಗಿದ ನೆಲ, ಗೋಡೆ, ಎಲೆ ಕಂಡರೆ ಅಡ್ಡಿಯಿಲ್ಲ. ಯಾವ ಫಿಟಿಂಗಿನೊಳಗಿನ ಎಲ್‌ಇಡಿ ಚುಕ್ಕಿಯೇ ಮೊನಚಾಗಿ ಕಣ್ಣಿಗೆ ಚುಚ್ಚುತ್ತದೋ ಅದರ ನಂಬರು ಬರೆದುಕೊಳ್ಳಿ. ಹೆಚ್ಚಿನವಕ್ಕೆ ಬ್ರಾಕೆಟ್ಟಿನ ನಟ್ಟು ಸಡಿಲಿಸಿ ಹತ್ತು ಹದಿನೈದು ಡಿಗ್ರಿ ಬಗ್ಗಿಸಿದರೆ ಸಾಕಾಗುತ್ತದೆ. ಕೆಲವಕ್ಕೆ ಮುಚ್ಚಳ ಮಾಡಿಸಬೇಕು. ಗುಂಡು ದೀಪಗಳನ್ನು ಮಾತ್ರ ಅಂಗಡಿಗೇ ವಾಪಸು ಕಳಿಸಬೇಕು.